ನಾಡದೋಣಿಯವರಿಂದ ನೇರ ಮೀನು ಕೊಂಡು ಮಾರಬೇಕು ಅಂತಿದ್ದೇವೆ, ಅನುಭವ ಇದ್ದ ಅಕ್ಕಂದಿರು ಹೇಳಿ

ಗಂಗೊಳ್ಳಿ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಕುಂದಾಪುರ ತಾಲೂಕು, ಗಂಗೊಳ್ಳಿ ಬಂದರಿನ ಹತ್ತಿರ. ಸಂಜೀವಿನಿ ಸ್ವಸಹಾಯ ಸಂಘದ ಆರು ಜನ ಹೆಂಗಸರು ಸೇರಿ ಮೀನಿನ ವ್ಯಾಪಾರ ಶುರು ಮಾಡುವ ಮಾತು ನಡೆದಿದೆ. ಮೀನು ಮಾರುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ನಮ್ಮ ಅತ್ತೆ ಮದುವೆಯಾಗಿ ಬಂದಾಗಿನಿಂದ ಬುಟ್ಟಿ ಹೊತ್ತವರು. ಈಗಲೂ ಬೆಳಿಗ್ಗೆ ಬಂದರಿಗೆ ಹೋಗಿ ಏಲಂನಲ್ಲಿ (ಹರಾಜಿನಲ್ಲಿ) ಮೀನು ಹಿಡಿದು ಬಸ್ಸು ಹತ್ತುತ್ತಾರೆ.

ನಮ್ಮ ಯೋಚನೆ ಸ್ವಲ್ಪ ಬೇರೆ. ದೊಡ್ಡ ಬೋಟಿನ ಮೀನು ಬೇಡ. ನಮ್ಮೂರ ದಡಕ್ಕೆ ಬರುವ ನಾಡದೋಣಿಗಳಿಂದಲೇ ಕೊಳ್ಳುವುದು. ಅಲ್ಲೇ ಶೆಡ್ಡಿನಲ್ಲಿ ತೊಳೆದು, ಹೆಚ್ಚಿ, ಐಸ್ ಹಾಕಿ ಕುಂದಾಪುರ, ಮಣಿಪಾಲದ ಮನೆಗಳಿಗೆ ತಲುಪಿಸುವುದು. ಆರ್ಡರ್ ವಾಟ್ಸಾಪ್‌ನಲ್ಲಿ. ಮಣಿಪಾಲದ ಫ್ಲ್ಯಾಟಿನವರಿಗೆ ಮೀನು ತಿನ್ನುವ ಆಸೆ ಇದೆ, ಹೆಚ್ಚುವ ಪುರಸೊತ್ತು ಇಲ್ಲ.

ಸಮಸ್ಯೆ ಈಗಲೇ ಕಾಣಿಸುತ್ತಿದೆ. ಕೇಳಿದವರೆಲ್ಲ ಅಂಜಲ್ ಇದೆಯಾ, ಮಾಂಜಿ ಇದೆಯಾ, ಕಾಣೆ ಇದೆಯಾ ಅಂತಾರೆ. ದೋಣಿಗೆ ಸಿಗುವುದು ಬೈಗೆ (ಬೂತಾಯಿ), ಬಂಗುಡೆ, ಚಟ್ಲಿ (ಸಿಗಡಿ) ಮತ್ತು ನಾಲ್ಕಾರು ಜಾತಿಯ ಸಣ್ಣ ಮೀನು. ಎರಡನೆಯದು, ಕೆಲವು ದೋಣಿಯವರು ಆಗಲೇ ವ್ಯಾಪಾರಿಯ ಹತ್ತಿರ ಮುಂಗಡ ತೆಗೆದುಕೊಂಡಿದ್ದಾರೆ, ಮೀನು ಅವರಿಗೇ ಕೊಡಬೇಕು. ಮೂರನೆಯದು ಮನೆಯೊಳಗಿನದು. "ನೀವು ಫೋನಿನಲ್ಲಿ ಮಾರಿದರೆ ಬುಟ್ಟಿಯವರು ಎಲ್ಲಿಗೆ ಹೋಗಬೇಕು?" ಅಂತ ಅತ್ತೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ರೇಟು ಹೇಗೆ ಕಟ್ಟಬೇಕು ಅಂತಲೂ ತಿಳಿಯುತ್ತಿಲ್ಲ. ವ್ಯಾಪಾರಿಗಿಂತ ಜಾಸ್ತಿ ಕೊಟ್ಟರೆ ನಮಗೆ ಉಳಿಯುವುದಿಲ್ಲ. ಅಷ್ಟೇ ಕೊಟ್ಟರೆ ದೋಣಿಯವರಿಗೆ ನಮ್ಮಿಂದ ಏನು ಲಾಭ? ಗಂಡ ಮಲ್ಪೆಯ ಟ್ರಾಲ್ ಬೋಟಿಗೆ ಹೋಗುವವರು. ಅವರು ಸುಮ್ನೆ ನಗುತ್ತಾರೆ. ನಡೆಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬಸವನಗುಡಿ ಬಂಗುಡೆ:

ಒಳ್ಳೆ ಯೋಚನೆ! ಬೆಂಗಳೂರಿಗೂ ಕಳಿಸಿ, ನಮ್ಮ ಅಪಾರ್ಟ್‌ಮೆಂಟಿನಲ್ಲೇ ಹತ್ತು ಮನೆ ಕರಾವಳಿಯವರದ್ದು ಇದೆ. ಆದರೆ ದಯವಿಟ್ಟು ಅಂಜಲ್ ಮಾತ್ರ, ನಡು ತುಂಡು. ಮುಳ್ಳಿನ ಮೀನು ನಮ್ಮ ಮಕ್ಕಳು ತಿನ್ನುವುದಿಲ್ಲ.

ಪಡುವಣ ಗಾಳಿ:

ಮೇಲಿನವರೇ, ಹೆಸರು ಬಂಗುಡೆ ಅಂತ ಇಟ್ಟುಕೊಂಡು ಅಂಜಲ್ ಕೇಳ್ತೀರಲ್ಲ ಮರಾಯ್ರೆ.

ಅಕ್ಕ, ನಾನು ಉಪ್ಪುಂದ ಕಡೆಯವನು, ದೋಣಿಗೆ ಹೋಗುವವನು. ಕಿಲೋಗೆ ಐದೋ ಹತ್ತೋ ಜಾಸ್ತಿ ಕೊಡ್ತೇವೆ ಅಂತ ಬಂದವರನ್ನು ನಾವು ತುಂಬ ಕಂಡಿದ್ದೇವೆ. ನಮಗೆ ಮುಖ್ಯ ಅದಲ್ಲ, ದುಡ್ಡು ಯಾವತ್ತು ಸಿಗುತ್ತದೆ ಅನ್ನುವುದು. ದೋಣಿ ದಡಕ್ಕೆ ಬಂದ ಕೂಡಲೇ ಮೊದಲು ಸೀಮೆಎಣ್ಣೆ ಲೆಕ್ಕ ತೆಗೆಯಬೇಕು. ಉಳಿದದ್ದರಲ್ಲಿ ದೋಣಿ, ಬಲೆ, ಇಂಜಿನ್ ಪಾಲು. ಆಮೇಲೆ ಜನರ ಪಾಲು. ಸಂಜೆಯೊಳಗೆ ಇಷ್ಟು ಹಂಚದಿದ್ದರೆ ನಾಳೆ ಬೆಳಿಗ್ಗೆ ದೋಣಿ ಒತ್ತಲು ಜನ ಬರುವುದಿಲ್ಲ. ವಾರಕ್ಕೊಮ್ಮೆ ಫೋನ್‌ಪೇ ಮಾಡ್ತೇವೆ ಅನ್ನುವ ವ್ಯಾಪಾರ ಎಷ್ಟು ಒಳ್ಳೆಯದಾದರೂ ನಮಗೆ ಆಗಿಬರುವುದಿಲ್ಲ.

ಮುಂಗಡದ ವಿಷಯ. ಸಾಹುಕಾರನನ್ನು ಬಯ್ಯುವುದು ಸುಲಭ. ಆದರೆ ಬಲೆ ಹರಿದ ರಾತ್ರಿ, ಮಗುವಿಗೆ ಜ್ವರ ಬಂದ ರಾತ್ರಿ ಬಾಗಿಲು ತೆಗೆಯುವವನು ಅವನೇ. ಬಡ್ಡಿ ಕೇಳುವುದಿಲ್ಲ. ಬದಲಿಗೆ ಮೀನು ಅವನ ತಕ್ಕಡಿಗೇ ಬೀಳಬೇಕು, ಅವನು ಹೇಳಿದ್ದೇ ರೇಟು. ಅದು ಬಡ್ಡಿಗಿಂತ ದುಬಾರಿ ಅಂತ ನಮಗೂ ಗೊತ್ತು. ಹಾಗಂತ ನೀವು ಆ ಮುಂಗಡ ತೀರಿಸಿ ದೋಣಿ ಬಿಡಿಸಿಕೊಳ್ಳಲು ಹೋಗಬೇಡಿ. ನೀವೇ ಇನ್ನೊಬ್ಬ ಸಾಹುಕಾರ ಆಗ್ತೀರಿ. ನಿಮ್ಮ ಸಂಘದ ದುಡ್ಡೂ ಸಿಕ್ಕಿಹಾಕಿಕೊಳ್ಳುತ್ತದೆ.

ಇಬ್ಬರು ಮೂವರು ಹೋಗುವ ಸಣ್ಣ ದೋಣಿಗಳಿವೆ, ಕಂತಬಲೆಯವರು (ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ), ಗಾಳದವರು. ಅವರಲ್ಲಿ ಯಾರು ಯಾರಿಗೂ ಕಟ್ಟುಬಿದ್ದಿಲ್ಲ ಅಂತ ನೋಡಿ, ಅವರಿಂದ ಶುರು ಮಾಡಿ. ಮೀನು ಸ್ವಲ್ಪವೇ ಇದ್ದರೂ ತಾಜಾ ಇರುತ್ತದೆ. ಬೆಳಗಿನ ಜಾವ ಬಲೆ ಎತ್ತಿ ಎರಡು ಮೂರು ಗಂಟೆಯಲ್ಲಿ ದಡ ಸೇರುತ್ತಾರೆ. ದೊಡ್ಡ ಬೋಟಿನಲ್ಲಿ ಒಂದು ವಾರ ಐಸಿನಲ್ಲಿ ಕೂತ ಮೀನಿನ ಜೊತೆ ಅದನ್ನು ಹೋಲಿಸಲಾಗದು.

ಇನ್ನೊಂದು: ದಡಕ್ಕೆ ಡಿಜಿಟಲ್ ತಕ್ಕಡಿ ತನ್ನಿ. ನಮ್ಮಲ್ಲಿ ಈಗಲೂ ಸಣ್ಣ ಮೀನು ಬುಟ್ಟಿ ಅಂದಾಜಿನಲ್ಲಿ ಹೋಗುತ್ತದೆ. ಅಂದಾಜು ಯಾವತ್ತೂ ಕೊಳ್ಳುವವರ ಕಡೆಗೇ ವಾಲುತ್ತದೆ ಅಲ್ವಾ?

ತದಡಿ ಅಕ್ಕ:

ತಂಗಿ, ನಾನು ಕುಮಟಾ ತಾಲೂಕಿನವಳು. ತದಡಿ ಬಂದರಿನಿಂದ, ಅಘನಾಶಿನಿ ಹೊಳೆಯಿಂದ ಮೀನು ಎತ್ತಿ ಶಿರಸಿ, ಸಿದ್ದಾಪುರದ ಕಡೆ ಕಳಿಸುತ್ತೇನೆ. ಜೊತೆಗೆ ನಾಲ್ಕು ಜನ ಹೆಂಗಸರು ಇದ್ದಾರೆ. ನಮ್ಮ ಮನೆಯಲ್ಲೂ ಅಮ್ಮ, ಅಜ್ಜಿ ಬುಟ್ಟಿಯವರೇ. ಬರೆಯಲು ಕೂತರೆ ನನಗೆ ನಿಲ್ಲಿಸಲು ಬರುವುದಿಲ್ಲ, ತಡೆದುಕೊಂಡು ಓದು.

ನಿಮ್ಮ ವ್ಯಾಪಾರ ದೋಣಿಯವರಿಗೆ ನೆರವಾಗುತ್ತದೋ ಇಲ್ಲವೋ ಅಂತ ಗೊತ್ತಾಗುವುದು ಇಸವಾಣ ಸಿಕ್ಕ ದಿನ ಅಲ್ಲ. (ನಿಮ್ಮ ಕಡೆ ಅಂಜಲ್ ಅಂತೀರಿ.) ಇಸವಾಣ ಸಿಕ್ಕ ದಿನ ದೋಣಿಯವನಿಗೆ ನೀನೂ ಬೇಡ, ನಾನೂ ಬೇಡ. ಹತ್ತು ಜನ ಕೊಳ್ಳುವವರು ಕಾದಿರುತ್ತಾರೆ. ಬಂಗಡೆ ರಾಶಿ ಬಿದ್ದು ಯಾರಿಗೂ ಬೇಡವಾದ ದಿನ ನೀನು ದಡದಲ್ಲಿ ನಿಂತಿರ್ತೀಯಾ? ಅದೇ ಪರೀಕ್ಷೆ.

ಆ ದಿನ ಯಾವಾಗ ಬರುತ್ತದೆ ಅಂತ ಪಂಚಾಂಗ ನೋಡಿಯೇ ಹೇಳಬಹುದು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆ ಹೊತ್ತಿನಲ್ಲಿ ನಾಡದೋಣಿಯವರದ್ದೇ ರಾಜ್ಯ. ಹಿಡಿದದ್ದಕ್ಕೆಲ್ಲ ಒಳ್ಳೆ ರೇಟು, ಆದರೆ ಕಡಲು ಒಳಗೆ ಬಿಡಬೇಕು, ಹತ್ತು ದಿನದಲ್ಲಿ ಎಂಟು ದಿನ ತೂಫಾನು. ಆಗಸ್ಟ್ ಬಂತು ಅಂದರೆ ಬೋಟು, ಪರ್ಸೀನು (ದೊಡ್ಡ ಸುತ್ತುಬಲೆಯ ಬೋಟು) ಎಲ್ಲ ಒಟ್ಟಿಗೆ ಇಳಿಯುತ್ತವೆ. ಬಂದರು ತುಂಬ ಬಂಗಡೆ, ತಾರ್ಲೆ (ನಿಮ್ಮ ಬೈಗೆ). ಅದೇ ಹೊತ್ತಿಗೆ ಶ್ರಾವಣ! ಘಟ್ಟದ ಮೇಲೆ ಅರ್ಧ ಊರು ಮೀನು ಬಿಟ್ಟಿರುತ್ತದೆ. ಹಿಂದೆಯೇ ಚೌತಿ. ಮೀನು ಜಾಸ್ತಿ ಆದಾಗಲೇ ತಿನ್ನುವವರು ಕಮ್ಮಿ. ರೇಟು ಬೀಳುತ್ತದೆ, ಫಿಶ್‌ಮೀಲ್ ಕಾರ್ಖಾನೆಯ ಲಾರಿ ಬಂದು ತುಂಬಿಕೊಂಡು ಹೋಗುತ್ತದೆ. ಊರಿನ ಬಾಯಿಗೆ ಬೀಳಬೇಕಾದ ತಾರ್ಲೆ ಕೋಳಿ, ಸಿಗಡಿಗಳ ಮೇವಾಗುತ್ತದೆ. ಮಳೆ ಹಿಂದಾದ ಮೇಲಿನ ತಾರ್ಲೆಯಲ್ಲಿ ಎಣ್ಣೆ ಎಷ್ಟು ಗೊತ್ತಾ? ಕಾವಲಿಗೆ ಬೇರೆ ಎಣ್ಣೆ ಹಾಕುವುದೇ ಬೇಡ. ನನಗೆ ಅದನ್ನು ಲಾರಿಗೆ ಸುರಿಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ನಾನು ರೇಟಿಗೆ ಒಂದು ತಳ ಇಟ್ಟಿದ್ದೇನೆ. ನನಗೆ ಮೀನು ಕೊಡುವ ದೋಣಿಗಳ ಜೊತೆ ಸೀಸನ್ ಶುರುವಿನಲ್ಲಿ ಕೂತು ಮಾತಾಡಿಕೊಳ್ಳುತ್ತೇವೆ. ಬಂಗಡೆಗೆ ಇಷ್ಟು, ತಾರ್ಲೆಗೆ ಇಷ್ಟು. ಬಂದರಿನಲ್ಲಿ ರೇಟು ಅದಕ್ಕಿಂತ ಕೆಳಗೆ ಹೋದರೂ ನಾನು ಇಳಿಯುವುದಿಲ್ಲ. ಆದರೆ ಎಷ್ಟು ಬಾಕ್ಸ್ ಅನ್ನುವುದೂ ಮೊದಲೇ ಮಾತಾಗಿರುತ್ತದೆ, ಅದಕ್ಕಿಂತ ಜಾಸ್ತಿ ಎತ್ತುವ ಶಕ್ತಿ ನನಗಿಲ್ಲ. ರೇಟು ಏರಿದ ದಿನ ಅವರು ಬಂದರಿಗೇ ಹಾಕಲಿ, ನನಗೇನೂ ಬೇಜಾರಿಲ್ಲ. ನನ್ನ ಗಿರಾಕಿಗಳಿಗೆ ಬೇಕಾದ ಒಂದು ಬಾಕ್ಸ್ ಆವತ್ತಿನ ಬಂದರು ರೇಟಿಗೇ ಕೊಟ್ಟರೆ ಸಾಕು. ಕಾಗದ ಪತ್ರ ಏನಿಲ್ಲ. ಒಂದು ನೋಟ್‌ಬುಕ್ ಇದೆ, ಎರಡೂ ಕಡೆಯವರು ಬರೆದುಕೊಳ್ಳುತ್ತೇವೆ.

ಆ ತಳದ ರೇಟಿಗೆ ತಂದ ಬಂಗಡೆಯನ್ನು ಏನು ಮಾಡುವುದು? ಆಗಸ್ಟಿನಲ್ಲಿ ಬಿಸಿಲಿಗೆ ಒಣಗಿಸುವ ಮಾತೇ ಇಲ್ಲ. ಒಣಗಿಸಲು ಹೋದರೆ ಹುಳ ಬೀಳುತ್ತದೆ. ನಾವು ಹೊಟ್ಟೆ ಸೀಳಿ, ಕರುಳು ತೆಗೆದು, ಚೆನ್ನಾಗಿ ತೊಳೆದು ಕಲ್ಲುಪ್ಪಿನಲ್ಲಿ ಪದರ ಪದರವಾಗಿ ಡ್ರಮ್ಮಿಗೆ ಹಾಕುತ್ತೇವೆ. ನಾಲ್ಕು ಪಾಲು ಮೀನಿಗೆ ಒಂದು ಪಾಲು ಉಪ್ಪು. ಮೇಲೆ ಭಾರ ಇಡಬೇಕು. ಮೀನೇ ನೀರು ಬಿಟ್ಟು ಆ ನೀರಿನಲ್ಲೇ ಮುಳುಗುತ್ತದೆ. ಮಳೆ ಬಿಟ್ಟು ಬಿಸಿಲು ಗಟ್ಟಿಯಾದ ಮೇಲೆ ತೆಗೆದು ಒಣಗಿಸುವುದು. ಮರಳಿನ ಮೇಲೆ ಹಾಸಬೇಡ. ಕಂಬ ನೆಟ್ಟು ಬಲೆ ಕಟ್ಟಿ ಅದರ ಮೇಲೆ ಹರಡು. ಮರಳಿಲ್ಲದ ಒಣಮೀನಿಗೆ ಶಿರಸಿ, ಸಾಗರದವರು ಕೇಳಿದಷ್ಟು ಕೊಡುತ್ತಾರೆ. ಹಳೆಯ ಗಿರಾಕಿಗಳು ಡ್ರಮ್ಮಿನ ಉಪ್ಪು ಬಂಗಡೆಯನ್ನೇ ಹಾಗೇ ಒಯ್ಯುತ್ತಾರೆ, ಗಂಜಿಗೆ. ಸ್ವಲ್ಪ ಭಾಗ ಉಪ್ಪಿನಕಾಯಿ ಮಾಡುತ್ತೇವೆ. ವರ್ಷದ ಲಾಭ ಎಲ್ಲಿಂದ ಅಂತ ಕೇಳಿದರೆ ನಾನು ಆ ಡ್ರಮ್ಮುಗಳ ಕಡೆ ಕೈ ತೋರಿಸುತ್ತೇನೆ. ತಾಜಾ ಮೀನು ಗಿರಾಕಿಯನ್ನು ಹಿಡಿದಿಡುತ್ತದೆ ಅಷ್ಟೇ.

ಇನ್ನು ಅಂಜಲ್ ಕೇಳುವವರು. ರಾತ್ರಿ ಆರ್ಡರ್ ತೆಗೆದುಕೊಳ್ಳಬೇಡ ತಂಗಿ. ರಾತ್ರಿ ಕೇಳಿದರೆ ಜನ ಹೆಸರು ಹೇಳುತ್ತಾರೆ. ಹೆಸರು ಹೇಳಿದ ಮೇಲೆ ನೀನು ಅದನ್ನು ಹುಡುಕಿಕೊಂಡು ಬಂದರಿಗೇ ಓಡಬೇಕು, ದೋಣಿಯ ಮೀನು ದಡದಲ್ಲೇ ಉಳಿಯುತ್ತದೆ. ಬೆಳಿಗ್ಗೆ ದೋಣಿ ಬಂದ ಮೇಲೆ ಫೋಟೋ ಹಾಕು. "ಇವತ್ತಿನ ಬಲೆಯಲ್ಲಿ ಇದಿದೆ, ಇಷ್ಟು ರೇಟು, ಇಷ್ಟೇ ಇದೆ." ನಾನು ವಾರದ ಪೊಟ್ಟಣ ಅಂತ ಒಂದು ಇಟ್ಟಿದ್ದೇನೆ. ದುಡ್ಡು ಮೊದಲು, ಮೀನು ಯಾವುದು ಬಂದರೂ ತಕರಾರಿಲ್ಲ, ತೊಳೆದು ಹೆಚ್ಚಿ ಕೊಡುವುದು ನನ್ನ ಜವಾಬ್ದಾರಿ. ಜೊತೆಗೆ ಈ ಮೀನು ಸಾರಿಗೆ, ಇದು ಹುರಿಯಲು ಅಂತ ಒಂದು ವಾಯ್ಸ್ ಮೆಸೇಜ್. ಮೊದಲು ಇಸವಾಣ ಬಿಟ್ಟು ಬೇರೆ ಮುಟ್ಟದ ಮೇಷ್ಟ್ರೊಬ್ಬರ ಮನೆಯಲ್ಲಿ ಈಗ ನೊಗ್ಲಿ ಮೀನು ಬರಲಿಲ್ಲವಾ ಅಂತ ಕೇಳುತ್ತಾರೆ. ಬಸವನಗುಡಿಯ ಅಣ್ಣನಿಗೂ ಇದೇ ಮಾತು. ನಡು ತುಂಡು ಒಂದೇ ಬೇಕು ಅಂದರೆ ತಲೆ, ಬಾಲವನ್ನು ನಾನು ಯಾರಿಗೆ ಮಾರಲಿ?

ಹೆಚ್ಚಿ ಕೊಡುವುದರ ಲೆಕ್ಕ ಮೊದಲ ದಿನವೇ ಗಿರಾಕಿಗೆ ಬಿಡಿಸಿ ಹೇಳು. ಶೆಟ್ಲಿಯ (ನಿಮ್ಮ ಚಟ್ಲಿ) ತಲೆ, ಸಿಪ್ಪೆ ತೆಗೆದರೆ ಅರ್ಧದಷ್ಟು ಉಳಿಯುತ್ತದೆ. 300ಕ್ಕೆ ತಂದದ್ದು ಸುಲಿದ ಮೇಲೆ ಕಿಲೋಗೆ 600 ಬಿತ್ತು. ಇನ್ನೂ ಕೂಲಿ, ಐಸು, ಪೆಟ್ರೋಲು ಸೇರಿಲ್ಲ. "ಬಂದರಿನಲ್ಲಿ 300 ಇದೆಯಲ್ಲ" ಅನ್ನುವವರು ದಿನಾ ಸಿಗುತ್ತಾರೆ. ಸುಲಿಯದ ಶೆಟ್ಲಿ ಒಂದು ಕಿಲೋ ಅವರ ಕೈಗೆ ಕೊಟ್ಟು ಮನೆಯಲ್ಲಿ ತೂಗಿ ನೋಡಿ ಅಂತ ಹೇಳುತ್ತೇನೆ. ಸುಲಿಯುವ ಹೆಂಗಸರಿಗೆ ಗಂಟೆ ಲೆಕ್ಕದಲ್ಲಿ ಕೊಡು, ಕಿಲೋ ಲೆಕ್ಕ ಬೇಡ. ಸಣ್ಣ ಶೆಟ್ಲಿ ಬಂದ ದಿನ ಕಿಲೋ ಲೆಕ್ಕದಲ್ಲಿ ಅವರಿಗೆ ಅನ್ಯಾಯ ಆಗುತ್ತದೆ.

ಹೋಟೆಲಿಗೆ ಕೊಡುವ ಆಸೆ ಎಲ್ಲರಿಗೂ ಬರುತ್ತದೆ. ಒಂದು ಹೋಟೆಲಿನವರು ನನಗೆ ತಿಂಗಳುಗಟ್ಟಲೆ ಬಾಕಿ ಇಟ್ಟು ಓಡಾಡಿಸಿದರು. ಅಷ್ಟೂ ದಿನ ದೋಣಿಯವರಿಗೆ ನನ್ನ ಕೈಯಿಂದ ರೊಕ್ಕ ಕೊಟ್ಟೆ. ಅವರ ಬಾಕಿಯನ್ನು ದೋಣಿಯವರ ತಲೆಗೆ ಹಾಕಲಿಕ್ಕೆ ಬರುವುದಿಲ್ಲವಲ್ಲ. ಈಗ ಹೋಟೆಲಿನವರಿಗೂ ದುಡ್ಡು ಕೊಟ್ಟು ಒಯ್ಯಿರಿ ಅಂತಲೇ ಹೇಳುವುದು. ಇಬ್ಬರು ಉಳಿದಿದ್ದಾರೆ, ಸಾಕು.

ಮತ್ತೊಂದು. ನೀವೆಲ್ಲ ಮೀನುಗಾರರು ಅಂದ ಕೂಡಲೇ ಗಂಡಸರನ್ನೇ ನೆನೆಯುತ್ತೀರಿ. ನಮ್ಮ ಹೊಳೆಗೆ ಬಾ, ನೋಡು. ಇಳಿತದ ಹೊತ್ತಿಗೆ ಸೊಂಟದ ತನಕ ನೀರಿನಲ್ಲಿ ನಿಂತು ಬಳಚು (ತಿನ್ನುವ ಚಿಪ್ಪಿನ ಜೀವಿ) ಆರಿಸುವವರಲ್ಲಿ ಹೆಂಗಸರು ಎಷ್ಟು ಜನ! ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ (ಜಗತ್ತಿನ ಮಹತ್ವದ ಜೌಗು ನೆಲ ಅಂತ) ಸಿಕ್ಕಿತು, ಪೇಪರಿನಲ್ಲಿ ಹಕ್ಕಿಯ ಫೋಟೋ ಬಂತು. ಬಳಚಿನ ಹೆಂಗಸರ ಫೋಟೋವನ್ನೂ ಹಾಕಬಹುದಿತ್ತು. ಅವರಿಂದ ನಾನು ಬಳಚು ಕೊಳ್ಳುತ್ತೇನೆ, ಆದರೆ ಮರಿ ಬಳಚು ಬಂದರೆ ತೂಗುವುದಿಲ್ಲ, ಹೊಳೆಗೇ ಹಾಕಿ ಬನ್ನಿ ಅನ್ನುತ್ತೇನೆ. ಮೊದಮೊದಲು ಜಗಳ ಆಯಿತು. ಬೇರೆ ಲಾರಿಯವನು ಮರಿಯನ್ನೂ ಒಯ್ಯುತ್ತಾನೆ ಅಂದರು. ಒಯ್ಯಲಿ. ನಾನು ದೊಡ್ಡದಕ್ಕೆ ಜಾಸ್ತಿ ಕೊಡಲು ಶುರು ಮಾಡಿದ ಮೇಲೆ ಅವರೇ ಆರಿಸಿ ತರುತ್ತಾರೆ. ಬಳಚಿನಲ್ಲಿ ಚಿಪ್ಪಿನ ತೂಕವೇ ಎಲ್ಲ, ಹತ್ತು ಕಿಲೋದಲ್ಲಿ ಒಂದು ಕಿಲೋ ಮಾಂಸ ಸಿಕ್ಕರೆ ದೊಡ್ಡದು. ಒಂದು ರಾತ್ರಿ ಶುದ್ಧ ಉಪ್ಪುನೀರಿನಲ್ಲಿ ಬಿಟ್ಟು ಮರಳು ಕಕ್ಕಿಸಿ ಕಳಿಸುತ್ತೇವೆ. ನಿಮ್ಮ ಪಂಚಗಂಗಾವಳಿ ಹೊಳೆಯಲ್ಲೂ ಇದೇ ಕೆಲಸ ಮಾಡುವ ಹೆಂಗಸರು ಇರಬೇಕು, ಹೋಗಿ ಮಾತಾಡಿಸು.

ಕೊನೆಗೆ ನಿನ್ನ ಅತ್ತೆ ಕೇಳಿದ ಪ್ರಶ್ನೆ. ಅವರು ಕೇಳಿದ್ದು ಸರಿಯಾಗಿಯೇ ಇದೆ. ಬುಟ್ಟಿಯ ಹೆಂಗಸು ಇಲ್ಲದಿದ್ದರೆ ಕರಾವಳಿಯಲ್ಲಿ ಸಣ್ಣ ದೋಣಿಯ ಮೀನಿಗೆ ಗಿರಾಕಿಯೇ ಇರುತ್ತಿರಲಿಲ್ಲ. ನೂರು ರೂಪಾಯಿಯ ಮೀನನ್ನು ನಾಲ್ಕು ಮನೆಗೆ ಹಂಚುವುದು, ಬಾಕಿಯನ್ನು ಬಾಯಲ್ಲೇ ನೆನಪಿಡುವುದು, ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾರಿಗೆ ಯಾವ ಮೀನು ಆಗದು ಅಂತ ತಿಳಿದಿರುವುದು, ಇದು ವಾಟ್ಸಾಪ್‌ಗೆ ಬರುತ್ತದಾ? ನಾನು ಕುಮಟಾದ ಕೇರಿಗಳಲ್ಲಿ ಮಾರುವುದೇ ಇಲ್ಲ. ಅದು ಅವರದ್ದು. ಘಟ್ಟದ ಮೇಲೆ ಅವರು ಹೋಗುವುದಿಲ್ಲ, ಅದು ನನ್ನದು. ಏಲಂನಲ್ಲಿ ನಾವು ಒಬ್ಬರ ಮೇಲೊಬ್ಬರು ಕೂಗಿ ರೇಟು ಏರಿಸುವುದಿಲ್ಲ. ಒಬ್ಬಳು ಕೂಗುತ್ತಾಳೆ, ಬಾಕ್ಸ್ ಬಂದ ಮೇಲೆ ಹಂಚಿಕೊಳ್ಳುತ್ತೇವೆ. ಐಸು ನನ್ನ ಗಾಡಿಯಲ್ಲಿ ಬರುತ್ತದೆ, ಅವರಿಗೂ ಕೊಡುತ್ತೇನೆ. ಸಂಜೆ ಅವರ ಬುಟ್ಟಿಯಲ್ಲಿ ಉಳಿದದ್ದು ಐಸಿನಲ್ಲೇ ಇದ್ದರೆ ನನ್ನ ಉಪ್ಪಿನ ಡ್ರಮ್ಮಿಗೆ ಬರುತ್ತದೆ. ಹಿಂದೆ ಸಂಜೆ ಬೀಳುವಾಗ ಕೇಳಿದ ರೇಟಿಗೆ ಕೊಟ್ಟುಬರುತ್ತಿದ್ದರು.

ಬಸ್ಸಿನ ವಿಷಯ ಎತ್ತಿದರೆ ಅದೇ ಒಂದು ಪುರಾಣ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿನಲ್ಲಿ ಹೆಂಗಸಿಗೆ ಟಿಕೆಟಿನ ದುಡ್ಡಿಲ್ಲ. ಬುಟ್ಟಿ ನೋಡಿದರೆ ಮಾತ್ರ ಈಗಲೂ ಕೆಲವು ಕಂಡಕ್ಟರುಗಳ ಮೂಗು ಮೇಲೇರುತ್ತದೆ. ಮುಚ್ಚಳ ಇರುವ ಡಬ್ಬಿ ಕೊಡಿಸಿದ ಮೇಲೆ ಸ್ವಲ್ಪ ಕಮ್ಮಿಯಾಗಿದೆ.

ಕೊಡಿಯಾಲದ ಮಾಣಿ:

ತದಡಿ ಅಕ್ಕ ಬರೆದದ್ದಕ್ಕೆ ಸೇರಿಸುವುದು ಕಡಿಮೆ. ನಾನು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು, ಈಗ ಮೀನಿನ ಗುಣಮಟ್ಟ ನೋಡುವ ಕೆಲಸ. ಎರಡು ವಿಷಯ ಹೇಳ್ತೇನೆ.

ಐಸು. ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಅಂತ ನಾವು ಹೇಳುತ್ತೇವೆ. ಮಣಿಪಾಲಕ್ಕೆ ಹೋಗುವ ದಾರಿಯ ಬಿಸಿಲಿಗೆ ಅದು ಜಾಸ್ತಿ ಅಲ್ಲ. ದೊಡ್ಡ ಗಡ್ಡೆ ಹಾಕಬೇಡಿ, ಪುಡಿ ಮಾಡಿ ಮೀನಿನ ಮಧ್ಯೆ ಮಧ್ಯೆ ಹಾಕಿ. ಐಸ್ ದಡದಲ್ಲಿ ಕಾಯುತ್ತಿರಬೇಕು. ಆಗುವುದಾದರೆ ದೋಣಿಯವರಿಗೇ ರಾತ್ರಿ ಒಂದು ಡಬ್ಬಿ ಐಸ್ ಕೊಟ್ಟು ಕಳಿಸಿ. ಬಂಗುಡೆ, ಬೈಗೆಯಂಥ ಮೀನು ಬಿಸಿಲಿಗೆ ಬಿದ್ದರೆ ಹಿಸ್ಟಮಿನ್ ಅಂತ ಒಂದು ವಿಷ ಆಗುತ್ತದೆ. ಮುಖ ಕೆಂಪಾಗುವುದು, ಮೈ ತುರಿಸುವುದು, ತಲೆನೋವು. ಮೀನು ಅಲರ್ಜಿ ಅಂತ ಜನ ತಿಳಿಯುತ್ತಾರೆ. ಒಮ್ಮೆ ಆದ ಮೇಲೆ ಬೇಯಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಫ್ರಿಜ್ಜಿನಲ್ಲಿ ಇಟ್ಟರೂ ಹೋಗುವುದಿಲ್ಲ. ಆಗದ ಹಾಗೆ ನೋಡಿಕೊಳ್ಳುವುದು ಒಂದೇ ದಾರಿ. ಹಾಗಾಗಿ ಉಪ್ಪಿನ ಡ್ರಮ್ಮಿಗೆ ಹಾಕುವ ಬಂಗುಡೆಯೂ ಅಷ್ಟೇ ತಾಜಾ ಇರಬೇಕು. ಮಾರಾಟ ಆಗದೆ ಬಿಸಿಯಲ್ಲಿ ಕೂತದ್ದನ್ನು ಉಪ್ಪಿಗೆ ಹಾಕಬೇಡಿ.

2018ರಲ್ಲಿ ಕೇರಳದ ಗಡಿಯಲ್ಲಿ ಫಾರ್ಮಾಲಿನ್ (ಕೆಡದಂತೆ ಇಡುವ ರಾಸಾಯನಿಕ) ಹಾಕಿದ ಮೀನು ಸಿಕ್ಕಿತು ಅಂತ ದೊಡ್ಡ ಸುದ್ದಿಯಾಯಿತಲ್ಲ, ಅಲ್ಲಿಂದ ಫ್ಲ್ಯಾಟಿನವರಿಗೆ ಅನುಮಾನ ಜಾಸ್ತಿ. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು (ಸಿಐಎಫ್‌ಟಿ) ಫಾರ್ಮಾಲಿನ್, ಅಮೋನಿಯಾ ಪರೀಕ್ಷೆಗೆ ಕಾಗದದ ಪಟ್ಟಿಯ ಕಿಟ್ ಮಾಡಿದ್ದಾರೆ. ಒಮ್ಮೆ ಗಿರಾಕಿಗಳ ಎದುರಿಗೇ ಮಾಡಿ ತೋರಿಸಿ, ಬಾಯಿಮಾತಿಗಿಂತ ಅದು ಕೆಲಸ ಮಾಡುತ್ತದೆ.

ದುಡ್ಡಿನ ವಿಷಯ. 2020ರಲ್ಲಿ ಶುರುವಾದ ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಹೆಂಗಸರಿಗೆ ಘಟಕ ವೆಚ್ಚದ (ಯೋಜನೆಯಲ್ಲಿ ಒಪ್ಪಿದ ವೆಚ್ಚ) 60 ಶೇಕಡಾ ಸಹಾಯಧನ, ಸಾಮಾನ್ಯ ವರ್ಗದ ಗಂಡಸರಿಗೆ 40 ಅಂತ ಇತ್ತು. ಐಸ್ ಪೆಟ್ಟಿಗೆಯ ಬೈಕಿಗೆ 75 ಸಾವಿರ, ತ್ರಿಚಕ್ರ ವಾಹನಕ್ಕೆ 3 ಲಕ್ಷ ಅಂತ ಘಟಕ ವೆಚ್ಚ ಇಟ್ಟಿದ್ದರು. ಇದು ಐದು ವರ್ಷಕ್ಕೆ ಅಂತ ಬಂದು ಮತ್ತೆ ಒಂದು ವರ್ಷ ಮುಂದುವರಿದ ಯೋಜನೆ, ಆದ್ದರಿಂದ ಅರ್ಜಿ ಈಗ ತೆಗೆದುಕೊಳ್ಳುತ್ತಾರಾ ಅಂತ ತಾಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ರಾಜ್ಯದ್ದು ಬೇರೆ ಇದೆ. 2023ರ ಬಜೆಟ್ಟಿನಲ್ಲಿ ಮೀನುಗಾರ ಮಹಿಳೆಯರ ಬಡ್ಡಿಯಿಲ್ಲದ ಸಾಲದ ಮಿತಿಯನ್ನು 50 ಸಾವಿರದಿಂದ 3 ಲಕ್ಷಕ್ಕೆ ಏರಿಸಿದರು. ಗಾಡಿಗಿಂತ ಮೊದಲು ಇದನ್ನು ನೋಡಿ. ಪಡುವಣ ಗಾಳಿ ಹೇಳಿದ ಹಾಗೆ ದಡದಲ್ಲಿ ರೊಕ್ಕ ಕೊಡಬೇಕಾದರೆ ನಿಮ್ಮ ಕೈಯಲ್ಲಿ ಓಡಾಡುವ ದುಡ್ಡು ಬೇಕು.

ಉಪ್ಪಿನಕಾಯಿ, ಒಣಮೀನು ಪೊಟ್ಟಣ ಕಟ್ಟಿ ಮಾರುವ ಮೊದಲು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ. ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕ. ನೀವೇ ಮೊಬೈಲಿನಲ್ಲಿ ಮಾಡಬಹುದು, ಏಜೆಂಟರಿಗೆ ಸಾವಿರಗಟ್ಟಲೆ ಕೊಡಬೇಡಿ.

ಪಡುವಣ ಗಾಳಿ:

ದೋಣಿಗೆ ಐಸ್ ಕೊಟ್ಟು ಕಳಿಸುವುದು ಒಳ್ಳೆಯದೇ. ಆದರೆ ಸಣ್ಣ ದೋಣಿಯಲ್ಲಿ ದೊಡ್ಡ ಪೆಟ್ಟಿಗೆ ಇಟ್ಟರೆ ಬಲೆ ಎಳೆಯಲು ಜಾಗ ಇರುವುದಿಲ್ಲ. ಮಂಡಿ ಎತ್ತರದ್ದು ಸಾಕು, ಹಿಡಿಕೆಗೆ ಹಗ್ಗ ಕಟ್ಟಿರಲಿ.

ಬಸವನಗುಡಿ ಬಂಗುಡೆ:

ಸರಿ ಅಕ್ಕ, ಸೋತೆ. ವಾರದ ಪೊಟ್ಟಣ ಬೆಂಗಳೂರಿಗೂ ಬರುತ್ತದಾ? ಮುಳ್ಳು ತೆಗೆಯುವುದು ಮಕ್ಕಳಿಗೆ ನಾನೇ ಕಲಿಸುತ್ತೇನೆ.

ಗಂಗೊಳ್ಳಿ ಸೊಸೆ:

ಎಲ್ಲರಿಗೂ ಕೈಮುಗಿದೆ. ತದಡಿ ಅಕ್ಕನ ಬರಹವನ್ನು ಅತ್ತೆಗೆ ಓದಿ ಹೇಳಿದೆ. ಏಲಂನಲ್ಲಿ ಒಬ್ಬಳೇ ಕೂಗುವ ಮಾತಿಗೆ "ಅದು ನಾವು ಮೊದಲಿಂದ ಮಾಡ್ತಾ ಬಂದದ್ದೇ, ಅದರಲ್ಲಿ ಏನಿದೆ" ಅಂದರು. ಸಂಜೆ ಉಳಿದ ಮೀನು ಉಪ್ಪಿಗೆ ಹೋಗುತ್ತದೆ ಅಂದಾಗ ಮಾತ್ರ ಸುಮ್ಮನೆ ಕೂತು ಕೇಳಿದರು. ಆಮೇಲೆ ಯಾವ ಉಪ್ಪು, ಎಷ್ಟು, ಡ್ರಮ್ಮು ಎಲ್ಲಿ ಇಡ್ತೀರಿ ಅಂತ ಅವರದ್ದೇ ಪ್ರಶ್ನೆ ಶುರುವಾಯಿತು. ಕುಂದಾಪುರ ಪೇಟೆಯ ಒಳಗೆ ನಾವು ಮಾರುವುದಿಲ್ಲ, ಮಣಿಪಾಲ ಮಾತ್ರ ಅಂತ ಸಂಘದಲ್ಲಿ ತೀರ್ಮಾನ ಮಾಡಿದ್ದೇವೆ.

ಕಂತಬಲೆಯ ಎರಡು ದೋಣಿಯವರು ಒಪ್ಪಿದ್ದಾರೆ. ತಳದ ರೇಟು ಅಂದಾಗ ಒಬ್ಬರು ನಂಬಲಿಲ್ಲ. "ಆಗಸ್ಟಿನಲ್ಲಿ ನೋಡುವ" ಅಂದರು.

ಅಕ್ಕ, ಎರಡು ಪ್ರಶ್ನೆ. ತಳದ ರೇಟನ್ನು ಯಾವ ಲೆಕ್ಕದಲ್ಲಿ ಇಡ್ತೀರಿ? ಮತ್ತೆ, ಶ್ರಾವಣದಲ್ಲಿ ಗಿರಾಕಿ ಇಲ್ಲದಾಗ ಆರು ಜನರ ಕೂಲಿ ಎಲ್ಲಿಂದ ಕೊಡುವುದು?

ತದಡಿ ಅಕ್ಕ:

ದೋಣಿಯವರನ್ನೇ ಕೇಳು. ಒಂದು ಸಲ ಕಡಲಿಗೆ ಹೋಗಿ ಬರಲು ಸೀಮೆಎಣ್ಣೆ ಎಷ್ಟು, ಜನರಿಗೆ ಮನೆಗೆ ಒಯ್ಯಲು ಕಡಿಮೆ ಅಂದರೆ ಎಷ್ಟು ಬೇಕು. ಅದನ್ನು ಸಾಧಾರಣ ದಿನ ಸಿಗುವ ಮೀನಿಗೆ ಭಾಗಿಸು. ಬಂದ ಅಂಕೆಗಿಂತ ಕೆಳಗೆ ಕೊಂಡರೆ ಅವರು ನಷ್ಟಕ್ಕೆ ಕಡಲಿಗೆ ಹೋದ ಹಾಗೆ. ಅದೇ ತಳ. ಸೀಮೆಎಣ್ಣೆ ಏರಿದರೆ ತಳವೂ ಏರಬೇಕು, ಅದನ್ನು ಮೊದಲೇ ಮಾತಾಡಿಕೋ. ನಿನ್ನ ಕೈಲಿ ಆಗದಷ್ಟು ಬಾಕ್ಸ್‌ಗೆ ಮಾತು ಕೊಡಬೇಡ. ಮೊದಲ ವರ್ಷ ಎರಡೇ ಡ್ರಮ್ಮು ಇಡು.

ಶ್ರಾವಣದ ಕೂಲಿ ಅಂದೆಯಲ್ಲ, ನಮ್ಮಲ್ಲಿ ಅತಿ ಜಾಸ್ತಿ ಕೆಲಸ ಇರುವುದೇ ಆಗ. ಸೀಳುವುದು, ತೊಳೆಯುವುದು, ಉಪ್ಪು ಹಾಕುವುದು. ಕೂಲಿ ಆಗ ಹೋಗುತ್ತದೆ, ದುಡ್ಡು ದೀಪಾವಳಿಯ ನಂತರ ಬರುತ್ತದೆ. ನಡುವಿನ ಆ ತಿಂಗಳುಗಳಿಗೇ ಬಡ್ಡಿಯಿಲ್ಲದ ಸಾಲ ತೆಗೆದುಕೋ. ಗಾಡಿಗೆ ಆಮೇಲೆ ನೋಡುವ. ಕಲ್ಲುಪ್ಪನ್ನು ಮಾತ್ರ ಮೇ ತಿಂಗಳಲ್ಲೇ ತಂದು ಒಣ ಜಾಗದಲ್ಲಿ ಹಲಗೆಯ ಮೇಲೆ ಇಡು. ಮಳೆ ಹಿಡಿದ ಮೇಲೆ ತಂದ ಉಪ್ಪು ಚೀಲದಲ್ಲೇ ಕರಗಿ ಅರ್ಧ ಆಗಿರುತ್ತದೆ.

ಬಸವನಗುಡಿ ಅಣ್ಣ, ತಾಜಾ ಮೀನು ಅಷ್ಟು ದೂರ ನಾನು ಕಳಿಸುವುದಿಲ್ಲ. ಒಣ ಶೆಟ್ಲಿ ಬೇಕಾದರೆ ನವೆಂಬರ್ ಮೇಲೆ ಕೇಳಿ.